ಟೈರಿನ ಮೈಮೇಲಿನ ಬರಹ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತರ ಸಭೆಯಲ್ಲಿ ನಮ್ಮ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರ, ಬೀಜದ ವಿಚಾರ ಹಿರಿಯರು ಆಗಲೇ ಮಾತಾಡಿದ್ದಾರೆ. ನಮಗೆ ಟೈರಿನ ವಿಷಯ ಹೇಳಿ ಅಂತ ಅಧ್ಯಕ್ಷರು ಅಪ್ಪಣೆ ಮಾಡಿದಾಗ ಹಿಂದೆ ಕೂತ ಕೆಲವರು ನಕ್ಕರು. ನಗಲಿ, ಆದರೆ ಟ್ರ್ಯಾಕ್ಟರಿನ ಹಿಂದಿನ ಒಂದು ಜೊತೆ ಟೈರಿಗೆ ಕೊಡುವ ದುಡ್ಡಿಗೆ ಒಂದು ಹಸು ಬರುತ್ತದೆ ಅನ್ನೋದು ಅವರಿಗೂ ಗೊತ್ತು. ಹಸು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ. ಟೈರು ಕೊಳ್ಳುವಾಗ ಮಾತ್ರ ಅಂಗಡಿಯವರು ಉರುಳಿಸಿಕೊಟ್ಟಿದ್ದನ್ನು ಹಾಗೇ ಉರುಳಿಸಿಕೊಂಡು ಬರುತ್ತೇವೆ.

ನಮ್ಮ ಜಟಿಂಗ ರಾಮೇಶ್ವರನ ಬೆಟ್ಟದ ಮೇಲೆ ಬಳೆಗಾರನ ಗುಂಡು ಇದೆಯಲ್ಲ, ಜಾತ್ರೆಯಲ್ಲಿ ಬಳೆಗಾರರು ಅದರ ಅಡಿಯಲ್ಲೇ ಅಂಗಡಿ ಹಾಕುತ್ತಿದ್ದರು. ಅಲ್ಲಿ ಕೊರೆದಿರುವ ಅಕ್ಷರ ಅಶೋಕ ಚಕ್ರವರ್ತಿಯದು ಅಂತ 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತರುವ ತನಕ ಅದು ಏನು ಅಂತ ಕೇಳಿದವರಿಲ್ಲ. ಟೈರಿನ ಬರಹಕ್ಕೂ ಅದೇ ಗತಿ ಬಂದಿದೆ. ಇದಕ್ಕಾದರೆ ಬ್ರಾಹ್ಮಿ ಲಿಪಿ ಕಲಿಯಬೇಕಾಗಿಲ್ಲ. ಅಂಕಿ ಓದಲು ಬಂದರೆ ಮುಕ್ಕಾಲು ಪಾಲು ಬಂದ ಹಾಗೆ.

ಎತ್ತಿನ ಗಾಡಿಯಿಂದಲೇ ಶುರು ಮಾಡೋಣ. ರಬ್ಬರ್ ಚಕ್ರದ ಗಾಡಿಗೆ ನಮ್ಮ ಹಿರಿಯರು ಡನ್‌ಲಪ್ ಗಾಡಿ ಅಂತಲೇ ಅನ್ನುತ್ತಿದ್ದರು. ಅದು ಒಬ್ಬ ಮನುಷ್ಯನ ಹೆಸರು. ಜಾನ್ ಬಾಯ್ಡ್ ಡನ್‌ಲಪ್ ಅನ್ನುವವರು ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ದನದ ಡಾಕ್ಟರು. ಮಗನ ಮೂರು ಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಮಾಡಿ 1888ರಲ್ಲಿ ಅದಕ್ಕೆ ಪೇಟೆಂಟು ಪಡೆದರು. ಗಾಡಿ ಟೈರಿನ ಮೇಲೆ 8.00-19 ಅಂತ ಇದ್ದರೆ, 8 ಅನ್ನೋದು ಟೈರಿನ ಅಗಲ, 19 ಅನ್ನೋದು ಅದು ಕೂರುವ ರಿಮ್ಮಿನ ಅಡ್ಡಳತೆ. ಎರಡೂ ಇಂಚಿನ ಲೆಕ್ಕ.

ಟ್ರ್ಯಾಕ್ಟರಿಗೂ ಇದೇ ಲೆಕ್ಕ. ಹಿಂದಿನ ಟೈರಿನ ಮೇಲೆ 13.6-28 ಅಂತ ಇದ್ದರೆ ಅಗಲ ಹದಿಮೂರೂವರೆಗಿಂತ ಚೂರು ಹೆಚ್ಚು, ರಿಮ್ಮು 28 ಇಂಚು. ಮುಂದಿನದು 6.00-16 ಇರಬಹುದು. ನಡುವಿನ ಗೆರೆಯ ಜಾಗದಲ್ಲಿ ಇಂಗ್ಲಿಷಿನ ಆರ್ ಅಕ್ಷರ ಇದ್ದರೆ ಅದು ರೇಡಿಯಲ್ ಟೈರು, ಬರೀ ಗೆರೆ ಇದ್ದರೆ ದಾರ ಅಡ್ಡಡ್ಡ ಹೆಣೆದ ಹಳೇ ಕ್ರಮದ್ದು. ಒಂದೇ ಅಚ್ಚಿನ ಒಂದು ಕಡೆ ಅದು, ಇನ್ನೊಂದು ಕಡೆ ಇದು ಹಾಕಬಾರದು. ಈಗೀಗ 340/85 ಆರ್ 28 ಅಂತಲೂ ಬರುತ್ತದೆ. ಗಾಬರಿ ಬೇಡ, ಇದು 13.6ರ ಅಳತೆಯದೇ. 340 ಅಂದರೆ ಅಗಲ, ಮಿಲಿಮೀಟರಿನಲ್ಲಿ. 85 ಅಂದರೆ ಟೈರಿನ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 85ರಷ್ಟು.

ಅಗಲದ ಟೈರು ಹಾಕಿದರೆ ಟ್ರ್ಯಾಕ್ಟರು ಗತ್ತಾಗಿ ಕಾಣುತ್ತೆ ಅಂತ ಹುಡುಗರು ಆಸೆ ಪಡುತ್ತಾರೆ. ಅದಕ್ಕೆ ರಿಮ್ಮು ಒಪ್ಪಬೇಕು, ಮಡ್‌ಗಾರ್ಡಿಗೆ ತಾಗಬಾರದು. ಶೇಂಗಾ ಹೊಲದಲ್ಲಿ ಸಾಲು ತುಳಿದರೆ ಗತ್ತು ಅಲ್ಲೇ ಇಳಿಯುತ್ತೆ. ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರಿಗಂತೂ ಹಿಂದು-ಮುಂದಿನ ಅಳತೆಗೆ ಗೇರಿನಲ್ಲೇ ಲೆಕ್ಕ ಹೊಂದಿಸಿರುತ್ತಾರೆ. ಒಂದನ್ನೇ ಬದಲಿಸಿದರೆ ಟೈರೂ ಸವೆಯುತ್ತೆ, ಗೇರಿಗೂ ಪೆಟ್ಟು.

ಗ್ರಿಪ್ಪು ನೋಡುವಾಗ ನಿಮ್ಮ ಕೆಲಸ ಯಾವುದು ಅಂತ ಕೇಳಿಕೊಳ್ಳಿ. ಎರೆ ನೆಲದಲ್ಲಿ ಉಳುಮೆ ಜಾಸ್ತಿ ಇದ್ದರೆ ಎತ್ತರದ, ದೂರ ದೂರ ಇರುವ ಗ್ರಿಪ್ಪು ಬೇಕು, ಮೆತ್ತಿದ ಮಣ್ಣು ತಾನೇ ಉದುರುತ್ತದೆ. ವರ್ಷದಲ್ಲಿ ಹೆಚ್ಚು ದಿನ ಟ್ರೇಲರ್ ಕಟ್ಟಿಕೊಂಡು ಚಳ್ಳಕೆರೆಗೋ ರಾಂಪುರಕ್ಕೋ ಡಾಂಬರಿನ ಮೇಲೆ ಓಡಾಡುವವರಿಗೆ ಅದು ನಷ್ಟ. ಅವರು ಗಿಡ್ಡ, ಒತ್ತಾದ ಗ್ರಿಪ್ಪು ತಗೊಳ್ಳಲಿ. ಕೂರಿಸುವಾಗ ಬಾಣದ ಗುರುತು ನೋಡಿ, ಗ್ರಿಪ್ಪಿನ ಚೂಪು ತುದಿ ಮೊದಲು ನೆಲ ಮುಟ್ಟಬೇಕು.

ಈಗ ಟ್ರೇಲರಿಗೆ ಬರೋಣ. ನಾವು ಇಲ್ಲಿ ನಿಂತಿರುವುದೇ ಇದನ್ನು ಹೇಳುವುದಕ್ಕೆ. ಟ್ರೇಲರ್ ಟೈರಿನ ಮೇಲೆ 9.00-16 ಆದ ಮೇಲೆ ಒಂದು ಅಂಕಿ ಮತ್ತು ಪಿ.ಆರ್. ಅಂತ ಇರುತ್ತದೆ, 14 ಪಿ.ಆರ್., 16 ಪಿ.ಆರ್. ಹೀಗೆ. ಇದನ್ನೇ ನಾವು ಇಷ್ಟು ಪ್ಲೈ ಅನ್ನೋದು. ಹಿಂದೆ ಹತ್ತಿಯ ಬಟ್ಟೆಯ ಪದರ ಎಣಿಸಿ ಹೇಳುತ್ತಿದ್ದರು. ಈಗ ನೈಲಾನ್ ಬಂದು ಒಳಗೆ ಅಷ್ಟು ಪದರ ಇರುವುದಿಲ್ಲ, ಅಂಕಿ ಶಕ್ತಿಯನ್ನಷ್ಟೇ ತೋರಿಸುತ್ತದೆ. ಸದಸ್ಯರೊಬ್ಬರು ನಮ್ಮನ್ನು ಕೇಳಿದರು: "ಅಣ್ಣಾ, ಹದಿನಾರು ಪ್ಲೈ ಹಾಕ್ಸಿದೀನಿ, ಇನ್ನು ಇಪ್ಪತ್ತು ಮೂಟೆ ಜಾಸ್ತಿ ಹೇರ್ಬೋದಲ್ವಾ?" ಹೇರೋಕಾಗಲ್ಲ ತಮ್ಮಾ. ಟೈರಿನ ಶಕ್ತಿ ಹೆಚ್ಚಾಯಿತು, ಟ್ರೇಲರಿನ ಅಚ್ಚು, ಹುಕ್ಕು, ಬೇರಿಂಗು, ಟ್ರ್ಯಾಕ್ಟರಿನ ಬ್ರೇಕು ಮೊದಲಿನವೇ. ಎಷ್ಟು ಭಾರ ಅಂತ ಆರ್.ಸಿ. ಪುಸ್ತಕದಲ್ಲಿ ಬರೆದಿರುತ್ತದೆ. ಒಂದು ಟೈರು ಗರಿಷ್ಠ ಎಷ್ಟು ಕಿಲೋ, ಎಷ್ಟು ಗಾಳಿಯಲ್ಲಿ ಹೊರುತ್ತದೆ ಅಂತ ಟೈರಿನ ಗೋಡೆಯ ಮೇಲೂ ಇರುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಗಾಳಿ ಕಡಿಮೆ ಇದ್ದು ಭಾರ ಜಾಸ್ತಿ ಆದರೆ, ಗಾಲಿ ಒಂದು ಸುತ್ತು ಬಂದಾಗಲೆಲ್ಲ ಟೈರಿನ ಗೋಡೆ ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಕೈಗೆ ಬಿಸಿ ತಾಗುವುದಿಲ್ಲವೇ, ಹಾಗೇ ಇದೂ ಕಾಯುತ್ತದೆ. ನಮ್ಮ ಸೀಮೆಯ ಬೇಸಿಗೆ ಡಾಂಬರಿನ ಕಾವೂ ಸೇರಿದರೆ ರಬ್ಬರು ನೈಲಾನಿನಿಂದ ಬಿಡುತ್ತದೆ, ಆಮೇಲೆ ಸಿಡಿಯುತ್ತದೆ. ಬಳ್ಳಾರಿ ಹೆದ್ದಾರಿಯಲ್ಲಿ ಹೇರು ಹೊತ್ತ ಟ್ರೇಲರಿನ ಟೈರು ಸಿಡಿದರೆ ಟ್ರ್ಯಾಕ್ಟರು ಓಡಿಸುವವನ ಕೈಲಿ ಏನೂ ಇರುವುದಿಲ್ಲ. ಅದರಲ್ಲಿ ಕೂಲಿಗೆ, ಮದುವೆಗೆ, ಜಾತ್ರೆಗೆ ಅಂತ ಜನರನ್ನು ಕೂರಿಸಿಕೊಂಡು ಹೋಗುತ್ತೇವೆ. ಅಕ್ಕತಂಗಿಯರೇ, ನೀವೇ ಹತ್ತಬೇಡಿ. ಕಾನೂನೂ ಒಪ್ಪುವುದಿಲ್ಲ, ವಿಮೆಯವರೂ ತಕರಾರು ತೆಗೆಯುತ್ತಾರೆ.

ಟ್ರ್ಯಾಕ್ಟರಿನ ಟೈರಿಗೆ ಹೊಲದಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಗಾಳಿ ಜಾಸ್ತಿ ಬೇಕು. ಹೊಲಕ್ಕೆ ಅಂತ ಇಳಿಸಿದವರು ರಸ್ತೆಗೆ ಬರುವ ಮುಂಚೆ ಏರಿಸಬೇಕು. ಎಷ್ಟು ಅಂತ ಟ್ರ್ಯಾಕ್ಟರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಕಾಲಲ್ಲಿ ಒದ್ದು ನೋಡುವುದು ಅಳತೆ ಅಲ್ಲ, ಮೀಟರ್ ಹಚ್ಚಿಸಿ.

ಮೋಟಾರ್ ಸೈಕಲ್ ಈಗ ಮನೆಗೊಂದು. 80/100-18 54 ಪಿ ಅಂತ ಇದ್ದರೆ ಅಗಲ 80 ಮಿಲಿಮೀಟರು, ಗೋಡೆ ಅಷ್ಟೇ ಎತ್ತರ, ರಿಮ್ಮು 18 ಇಂಚು. ಕೊನೆಯ 54 ಕಿಲೋ ಅಂತ ಯಾರೋ ಹೇಳಿದರಂತೆ, ತಪ್ಪು. ಅದು ಪಟ್ಟಿಯ ನಂಬರು, ಆ ಟೈರು 212 ಕಿಲೋ ಹೊರುತ್ತದೆ ಅಂತ ಅರ್ಥ. ಮುಂದಿನ ಟೈರಿಗೆ 47 ಇದ್ದರೆ 175 ಕಿಲೋ. ಪಿ ಅಕ್ಷರ ಗಂಟೆಗೆ 150 ಕಿಲೋಮೀಟರ್ ವೇಗದ ಮಿತಿ. ನಮ್ಮ ರಸ್ತೆಗೆ ಅದು ಲೆಕ್ಕಕ್ಕಿಲ್ಲ, ಭಾರದ ಅಂಕಿ ನೋಡಿ ಸಾಕು. ಜೀಪಿನಂಥ ಗಾಡಿಗಳಿಗೆ 215/75 ಆರ್ 15 100 ಎಸ್ ಅಂತಿದ್ದರೆ ಹಾಗೇ ಓದಿಕೊಳ್ಳಿ, 100 ಅಂದರೆ 800 ಕಿಲೋ, ಎಸ್ ಅಂದರೆ 180 ಕಿಲೋಮೀಟರ್. ಹಾಕಿಸುವಾಗ ಮೊದಲಿದ್ದ ಅಂಕಿಗಿಂತ ಕಡಿಮೆ ಅಂಕಿಯದ್ದಕ್ಕೆ ಒಪ್ಪಬೇಡಿ.

ಇನ್ನೊಂದು, ತಯಾರಾದ ತಾರೀಖು. ಟೈರಿನ ಗೋಡೆಯ ಮೇಲೆ ಒಂದು ಚಿಕ್ಕ ಮನೆಯೊಳಗೆ ನಾಲ್ಕು ಅಂಕಿ ಹುಡುಕಿ. 2324 ಅಂದರೆ 2024ನೇ ಇಸವಿಯ 23ನೇ ವಾರ, ಜೂನ್ ತಿಂಗಳು. ರಬ್ಬರು ಓಡದೆ ಇದ್ದರೂ ಮುದಿಯಾಗುತ್ತೆ. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದಿದ್ದನ್ನು "ಹೊಸ ಮಾಲು, ರೇಟಲ್ಲಿ ಬಿಡ್ತೀನಿ" ಅಂದರೆ ಈ ಅಂಕಿ ತೋರಿಸಿ ಅನ್ನಿ. ಬೈಕು, ಕಾರು, ಲಾರಿ ಟೈರಾದರೆ ಐ.ಎಸ್.ಐ. ಗುರುತೂ ಇರಬೇಕು.

ರೀಸೋಲ್ ಮಾಡಿದ ಟೈರು ಹಾಕಬಹುದಾ ಅಂತ ಚೀಟಿ ಬಂದಿದೆ. ಗೋಡೆ ಬಿರಿಯದೆ, ಒಳಗೆ ದಾರ ಕಾಣದೆ ಇದ್ದ ಟೈರಿಗೆ ರೀಸೋಲ್ ಮಾಡಿಸಿ ಟ್ರೇಲರಿಗೆ ಹಾಕಿ, ಮಿತಿಯ ಭಾರದಲ್ಲಿ ಓಡುತ್ತದೆ. ಮುಂದಿನ ಗಾಲಿಗೆ ಮಾತ್ರ ಬೇಡ, ಸ್ಟೇರಿಂಗ್ ಇರುವುದು ಅಲ್ಲೇ. ಹೊಸ ಟೈರಿಗೆ ಅದೇ ಅಳತೆಯ ಹೊಸ ಟ್ಯೂಬು ಹಾಕಿಸಿ. ಹಳೇ ಟ್ಯೂಬು ಹಿಗ್ಗಿರುತ್ತದೆ, ಒಳಗೆ ಮಡಿಕೆ ಬಿದ್ದು ಅಲ್ಲೇ ಹರಿಯುತ್ತದೆ. ಆಮೇಲೆ ಜಾಲಿ ಮುಳ್ಳನ್ನು ಬೈಯುತ್ತೇವೆ.

ಟೈರು ತರಲು ಹೋಗುವವರು ಹಳೇ ಟೈರಿನ ಬರಹವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಳತೆ, ಪ್ಲೈ, ಭಾರದ ಅಂಕಿ ಮೂರೂ ಇರಲಿ. ಅನುಮಾನ ಬಂದರೆ ಸಂಘದ ಕಚೇರಿಗೆ ತನ್ನಿ, ಕೂತು ಓದೋಣ.