ಎಣ್ಣೆಯ ಬಂಡಿಯಿಂದ ಮಿಂಚಿನ ಬಂಡಿಗೆ

ವಾಹನವೆಂಬ ಶಬ್ದ 'ವಹ್' ಎಂಬ ಧಾತುವಿನಿಂದ ಬಂದದ್ದು. ಹೊರುವಂಥದು ಎಂದು ಅದರ ಅರ್ಥ. ಆದರೆ ನಮ್ಮಂಥ ಮಧ್ಯಮ ವರ್ಗದ ಸಂಸಾರಗಳಲ್ಲಿ ವಾಹನವು ನಮ್ಮನ್ನು ಹೊರುತ್ತದೆಯೋ, ನಾವೇ ವಾಹನವನ್ನು ಹೊರುತ್ತೇವೆಯೋ ಎಂಬುದು ತಿಂಗಳ ಕೊನೆಯ ವಾರದಲ್ಲಿ ನಿಚ್ಚಳವಾಗಿ ತಿಳಿದುಬರುತ್ತದೆ. ಪೆಟ್ರೋಲಿನ ಬೆಲೆ ಲೀಟರಿಗೆ ನೂರು ರೂಪಾಯಿ ದಾಟಿದ ಮೇಲಂತೂ ಈ ಸಂಶಯಕ್ಕೆ ಎಡೆಯೇ ಉಳಿದಿಲ್ಲ.

ಮುದ್ದೇಬಿಹಾಳ, ತಾಳಿಕೋಟಿ, ನಿಡಗುಂದಿಗಳಂಥ ಊರುಗಳ ಬೀದಿಗಳಲ್ಲಿ ಹಸಿರು ಫಲಕದ ಮೇಲೆ ಬಿಳಿಯ ಅಂಕಿಗಳನ್ನು ಬರೆದುಕೊಂಡ ಕಾರುಗಳು ಈಗ ಅಲ್ಲೊಂದು ಇಲ್ಲೊಂದು ಕಾಣುತ್ತಿವೆ. ಅವು ಪೆಟ್ರೋಲು ಕುಡಿಯದೆ ಬರಿಯ ವಿದ್ಯುತ್ತಿನಿಂದ ಓಡುವ ಕಾರುಗಳು. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಆದರೆ ದೊಡ್ಡ ಊರುಗಳಲ್ಲಿ ನಾಲ್ಕಾರು ವರ್ಷ ಓಡಿದ ಇಂಥ ಕಾರುಗಳು ಹೊಸದರ ಬೆಲೆಗಿಂತ ಬಹಳ ಕಡಿಮೆಗೆ ದೊರೆಯತೊಡಗಿವೆ. ಇದ್ದ ಪೆಟ್ರೋಲು ಕಾರನ್ನು ಮಾರಿ ಇಂಥದೊಂದನ್ನು ತರಬಹುದೆ? ತಂದರೆ ನಡುದಾರಿಯಲ್ಲಿ ಕೈಬಿಡುವುದಿಲ್ಲವೆ? ಈ ಪ್ರಶ್ನೆಯನ್ನು ಅನೇಕರು ನನ್ನನ್ನು ಕೇಳುತ್ತಾರೆ. ನಾನು ಯಂತ್ರಶಾಸ್ತ್ರ ಬಲ್ಲವನಲ್ಲ. ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುವವನು. ಆದರೆ ವರ್ಷದ ಹಿಂದೆ ನಮ್ಮ ಮನೆಯಲ್ಲಿ ಈ ಬದಲಾವಣೆ ನಡೆದಿದೆ. ಆದ್ದರಿಂದ ಕಂಡದ್ದನ್ನು ಹೇಳಬಲ್ಲೆ.

ವಿದ್ಯುತ್ತಿನ ಕಾರು ನಿನ್ನೆ ಮೊನ್ನೆ ಹುಟ್ಟಿದ್ದೆಂದು ಭಾವಿಸುವವರುಂಟು. ಹಾಗಲ್ಲ. ಬೆಲ್ಜಿಯಂ ದೇಶದ ಕಾಮೀಯ್ ಜೆನಾಟ್ಸಿ ಎಂಬಾತ 1899ರಲ್ಲಿ ಪ್ಯಾರಿಸ್ ನಗರದ ಬಳಿ ಗಂಟೆಗೆ ನೂರು ಕಿಲೋಮೀಟರಿನ ಗಡಿ ದಾಟಿದನಷ್ಟೆ. ಅವನು ಕುಳಿತದ್ದು ವಿದ್ಯುತ್ತಿನ ಬಂಡಿಯಲ್ಲಿ. ಆ ಕಾಲದ ಪೆಟ್ರೋಲು ಬಂಡಿಯನ್ನು ಮುಂದೆ ನಿಂತು ಹ್ಯಾಂಡಲು ತಿರುವಿ ಎಬ್ಬಿಸಬೇಕಿತ್ತು. 1912ರಲ್ಲಿ ಆ ಕೆಲಸಕ್ಕೆ ಒಂದು ಪುಟ್ಟ ವಿದ್ಯುತ್ ಮೋಟಾರು ಬಂದಿತು. ಪೆಟ್ರೋಲೂ ಅಗ್ಗವಾಗಿ ದೊರೆಯಿತು. ವಿದ್ಯುತ್ತಿನ ಸಹಾಯದಿಂದಲೇ ಎದ್ದುನಿಂತ ಪೆಟ್ರೋಲು ಕಾರು ವಿದ್ಯುತ್ತಿನ ಕಾರನ್ನು ಮೂಲೆಗೆ ತಳ್ಳಿತು. ಚರಿತ್ರೆಯಲ್ಲಿ ಇಂಥ ಕೃತಘ್ನತೆಗಳು ಹೊಸವಲ್ಲ.

ನಮ್ಮ ನಾಡಿನಲ್ಲಿಯೂ ಈ ಪ್ರಯೋಗ ಹಿಂದೆಯೇ ನಡೆದಿದೆ. ಬೆಂಗಳೂರಿನಲ್ಲಿ ಚೇತನ್ ಮೈನಿಯವರು 2001ರಲ್ಲಿ ರೇವಾ ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದರು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಕೂಡಬಹುದಾದ ಬಂಡಿ; ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರಿನ ಓಟ. ಆ ಕಾರು ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. 2010ರಲ್ಲಿ ಮಹೀಂದ್ರ ಸಂಸ್ಥೆಯವರು ಆ ಕಂಪನಿಯನ್ನು ವಹಿಸಿಕೊಂಡರು. ರೇವಾದ ಮೊದಲಿನ ಬ್ಯಾಟರಿಗಳು ನಮ್ಮ ಮನೆಯ ಇನ್ವರ್ಟರಿನಲ್ಲಿರುವಂಥ ಸೀಸದ ಬ್ಯಾಟರಿಗಳು. ಕೆಲವು ವರ್ಷಕ್ಕೊಮ್ಮೆ ಅವನ್ನು ಬದಲಿಸದೆ ಗತಿಯಿರಲಿಲ್ಲ. ಬ್ಯಾಟರಿಯ ಆಯುಷ್ಯವೇ ಬಂಡಿಯ ಆಯುಷ್ಯ ಎಂಬ ಪಾಠವನ್ನು ಕನ್ನಡ ನಾಡು ಅಂದೇ ಕಲಿತಿತು. ಈಗಿನ ಕಾರುಗಳಲ್ಲಿರುವುದು ಲಿಥಿಯಂ ಬ್ಯಾಟರಿ. ಅದು ಹಗುರ, ಹೆಚ್ಚು ಬಾಳುವಂಥದು. ಆದರೂ ಪಾಠ ಮಾತ್ರ ಅದೇ.

ಕಾರಿನೊಳಗೆ ಏನು ಬದಲಾಗುತ್ತದೆ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಸಂಧಿಯ ಮಾತಿನಲ್ಲಿ ಹೇಳುತ್ತೇನೆ. ಮೊದಲು ಲೋಪ: ಕ್ಲಚ್ಚು, ಗೇರುಗಳ ಸಾಲು, ಹೊಗೆಯ ಕೊಳವೆ, ಎಂಜಿನ್ನಿನ ಎಣ್ಣೆ ಎಲ್ಲ ಬಿಟ್ಟುಹೋಗುತ್ತವೆ. ಆಮೇಲೆ ಆದೇಶ: ಪೆಟ್ರೋಲಿನ ಸ್ಥಾನದಲ್ಲಿ ವಿದ್ಯುತ್ತು, ಎಂಜಿನ್ನಿನ ಸ್ಥಾನದಲ್ಲಿ ಮೋಟಾರು ಬರುತ್ತದೆ. ಕೊನೆಗೆ ಆಗಮ: ವೇಗ ತಗ್ಗಿಸುವಾಗ ಅದೇ ಮೋಟಾರು ಜನರೇಟರಿನಂತೆ ತಿರುಗಿ, ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಹೆಚ್ಚಿನ ಭಾಗ ಬಿಸಿಯಾಗಿ ಹಾಳಾಗುತ್ತದೆ. ಸುಮಾರು ನಾಲ್ಕನೆಯ ಒಂದು ಪಾಲು ಗಾಲಿಗೆ ಮುಟ್ಟಿದರೆ ಹೆಚ್ಚು. ವಿದ್ಯುತ್ ಮೋಟಾರಿನಲ್ಲಿ ಹಾಳಾಗುವ ಪಾಲು ಬಹಳ ಸಣ್ಣದು. ಲಾಭದ ಗುಟ್ಟು ಇರುವುದು ಇಲ್ಲಿಯೇ.

ಇನ್ನು ಲೆಕ್ಕಕ್ಕೆ ಬರೋಣ. ತಿಂಗಳಿಗೆ 900 ಕಿಲೋಮೀಟರು ಓಡಾಡುವ ಸಂಸಾರವೆಂದು ಇಟ್ಟುಕೊಳ್ಳಿ. ಲೀಟರಿಗೆ 15 ಕಿಲೋಮೀಟರು ಕೊಡುವ ಪೆಟ್ರೋಲು ಕಾರಿಗೆ 60 ಲೀಟರು ಬೇಕು. ಆರು ಸಾವಿರ ರೂಪಾಯಿಗೆ ಮೇಲೆಯೇ ಖರ್ಚು. ವಿದ್ಯುತ್ತಿನ ಕಾರು ಒಂದು ಯುನಿಟ್ಟಿಗೆ ಆರೂವರೆ ಕಿಲೋಮೀಟರು ಹೋದರೆ, ಚಾರ್ಜು ಮಾಡುವಾಗಿನ ನಷ್ಟವನ್ನೂ ಹಿಡಿದು, ಸುಮಾರು 150 ಯುನಿಟ್ಟು ಸಾಕು. ಯುನಿಟ್ಟಿಗೆ ಆರೇಳು ರೂಪಾಯಿಯಂತೆ ಸಾವಿರ ರೂಪಾಯಿಯ ಆಸುಪಾಸು.

ಇಲ್ಲಿ ಒಂದು ಎಚ್ಚರಿಕೆಯ ಮಾತಿದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಬಳಕೆ ತಿಂಗಳಿಗೆ 200 ಯುನಿಟ್ಟು ದಾಟಿದರೆ ಇಡೀ ಬಿಲ್ಲನ್ನು ನಾವೇ ತೆರಬೇಕು. ಮನೆಗೆ 70 ಯುನಿಟ್ಟು, ಕಾರಿಗೆ 150 ಎಂದರೆ 220 ಆಯಿತು. ಸೊನ್ನೆಯ ಬಿಲ್ಲು ಹೋಯಿತು. ಆ 70 ಯುನಿಟ್ಟಿನ ದುಡ್ಡನ್ನೂ ಕಾರಿನ ಖರ್ಚಿಗೆ ಸೇರಿಸಿ ಲೆಕ್ಕ ಹಾಕಿರಿ. ಸೇರಿಸಿದರೂ ಪೆಟ್ರೋಲಿನ ಕಾಲುಭಾಗದಷ್ಟೇ ಆಗುತ್ತದೆ ನಿಜ. ಆದರೆ ಪುಕ್ಕಟೆ ಓಡುತ್ತದೆಂದು ಹೇಳುವವರ ಮಾತನ್ನು ನಂಬಬೇಡಿರಿ. ಉಳಿದ ಹಣವೆಲ್ಲ ಲಾಭವೆಂದೂ ತಿಳಿಯಬೇಡಿರಿ. ಹೊಸ ಬ್ಯಾಟರಿಯ ಬೆಲೆ ಲಕ್ಷಗಳಲ್ಲಿದೆ. ಉಳಿತಾಯದಲ್ಲಿ ತಿಂಗಳಿಗೆ ಎರಡು ಸಾವಿರವನ್ನಾದರೂ ಅಂಚೆ ಕಚೇರಿಯ ಖಾತೆಯಲ್ಲಿ ಹಾಕುತ್ತ ಬಂದರೆ, ಬ್ಯಾಟರಿ ದಣಿದ ದಿನ ಸಾಲಕ್ಕೆ ಕೈಚಾಚುವ ಪ್ರಸಂಗ ಬರುವುದಿಲ್ಲ. ನಾವು ಹಾಗೆಯೇ ಮಾಡುತ್ತಿದ್ದೇವೆ.

ಹಾಗಾದರೆ ಹಳೆಯ ಕಾರಿನ ಬ್ಯಾಟರಿ ಎಷ್ಟು ಸವೆದಿದೆ ಎಂದು ತಿಳಿಯುವುದು ಹೇಗೆ? ಪೆಟ್ರೋಲು ಕಾರಾದರೆ ಎಂಜಿನ್ನಿನ ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ ಮೆಕ್ಯಾನಿಕ್ಕನು ಹೇಳುತ್ತಾನೆ. ಇದಕ್ಕೆ ಸದ್ದೂ ಇಲ್ಲ, ಹೊಗೆಯೂ ಇಲ್ಲ. ನಾವು ಮೊದಲು ನೋಡಿದ ಕಾರಿನ ವ್ಯಾಪಾರಿ ಬಣ್ಣ ತೋರಿಸಿದ, ಮೆತ್ತೆ ತೋರಿಸಿದ, ಹಾಡು ಹಾಕಿ ಕೇಳಿಸಿದ. ಬ್ಯಾಟರಿಯ ಮಾತೆತ್ತಿದೊಡನೆ ಚಹಾ ತರಿಸಿದ. ಆಗ ನಮ್ಮ ಮನೆಯವರು ಮೆಲ್ಲಗೆ ಅಂದರು: "ಎಮ್ಮೀ ತಗೊಳ್ಳೂವಾಗ ಎರಡು ಹೊತ್ತು ಹಿಂಡಿ ನೋಡತೀವಲ್ಲರೀ, ಇದನ್ನೂ ಹಂಗ ನೋಡೂಣು." ವ್ಯಾಪಾರಿ ಅದಕ್ಕೆ ಒಪ್ಪಲಿಲ್ಲ. ನಾವು ಚಹಾ ಕುಡಿದು ಎದ್ದು ಬಂದೆವು.

ಹುಬ್ಬಳ್ಳಿಯಲ್ಲಿ ಒಬ್ಬ ಸಜ್ಜನರು ಒಪ್ಪಿದರು. ಅವರ ಕಾರು 2020ರಲ್ಲಿ ತಯಾರಾದದ್ದು; ಹೊಸದಾಗಿದ್ದಾಗ 30 ಯುನಿಟ್ಟು ಹಿಡಿಯುವ ಬ್ಯಾಟರಿ. ಹಿಂಡಿ ನೋಡುವ ಕ್ರಮ ಹೀಗೆ. ಕಾರನ್ನು ಓಡಿಸಿ ಬ್ಯಾಟರಿಯನ್ನು ನೂರಕ್ಕೆ 20ಕ್ಕೆ ಇಳಿಸಬೇಕು. ಮನೆಯ ಮೀಟರಿನ ಅಂಕಿಯನ್ನು ಬರೆದುಕೊಂಡು, ರಾತ್ರಿ ಬೇರೆ ದೊಡ್ಡ ಯಂತ್ರಗಳನ್ನು ಹಚ್ಚದೆ, ನೂರರವರೆಗೆ ತುಂಬಬೇಕು. ಬೆಳಗ್ಗೆ ಮತ್ತೆ ಮೀಟರು ನೋಡಬೇಕು. ಅಲ್ಲಿ ತೋರಿದ್ದು 22 ಯುನಿಟ್ಟು. ಅದರಲ್ಲಿ ಹತ್ತನೆಯ ಒಂದು ಪಾಲು ಚಾರ್ಜಿನ ನಷ್ಟವೆಂದು ಕಳೆದರೆ ಒಳಗೆ ಸೇರಿದ್ದು ಸುಮಾರು 20. ನೂರಕ್ಕೆ 80 ಪಾಲಿಗೆ 20 ಯುನಿಟ್ಟಾದರೆ, ಪೂರ್ಣಕ್ಕೆ 25. ಎಂದರೆ 30ರ ಬ್ಯಾಟರಿ 25ಕ್ಕೆ ಬಂದಿದೆ. ಆರರಲ್ಲಿ ಐದು ಪಾಲು ಉಳಿದಿದೆ. ಇದು ಅಂದಾಜಿನ ಲೆಕ್ಕ. ಕಂಪನಿಯ ಸರ್ವೀಸ್ ಕೇಂದ್ರದಲ್ಲಿ ಯಂತ್ರ ಹಚ್ಚಿ ನೋಡಿದ ಪತ್ರವನ್ನೂ ಕೇಳಿ ಪಡೆಯಬೇಕು. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರು ಎಂದು ಖಾತರಿ ಕೊಡುತ್ತಾರೆ. ಆ ಖಾತರಿ ಎರಡನೆಯ ಒಡೆಯನಿಗೂ ಬರುತ್ತದೆಯೆ ಎಂಬುದನ್ನು ಬರವಣಿಗೆಯಲ್ಲಿಯೇ ನೋಡಬೇಕು. ಬಾಯಿಮಾತು ಸಾಲದು.

ಬ್ಯಾಟರಿಯ ಶತ್ರು ಬಿಸಿ. ನಮ್ಮ ವಿಜಯಪುರ ಜಿಲ್ಲೆಯ ಬೇಸಿಗೆಯ ಬಣ್ಣನೆ ಕೇಳುಗರಿಗೆ ಬೇಕಾಗಿಲ್ಲ. ನಡುಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸುವುದು, ದೂರ ಓಡಿ ಕಾದ ಬ್ಯಾಟರಿಗೆ ತಕ್ಷಣ ಚಾರ್ಜು ಹಚ್ಚುವುದು, ದಿನವೂ ವೇಗದ ಚಾರ್ಜನ್ನೇ ಬಳಸುವುದು ಇವು ಮೂರೂ ಅದರ ಆಯುಷ್ಯವನ್ನು ತಿನ್ನುತ್ತವೆ. ಮೇದು ಬಂದ ಎತ್ತಿಗೂ ನಾವು ನೆರಳು ಕೊಡುವುದಿಲ್ಲವೆ? ಬೇವಿನ ಗಿಡದ ನೆರಳು, ರಾತ್ರಿಯ ನಿಧಾನದ ಚಾರ್ಜು: ಇಷ್ಟು ಕೊಟ್ಟರೆ ಸಾಕು.

ರಾತ್ರಿಯ ಚಾರ್ಜೆಂದರೆ ಮನೆಯ ತಂತಿಗಳನ್ನೂ ನೋಡಿಕೊಳ್ಳಬೇಕು. 15 ಆಂಪಿಯರಿನ ಸಾಕೆಟ್ಟಿನಲ್ಲಿ ಈ ಕಾರು ಎಂಟು ಹತ್ತು ಗಂಟೆ ಎಡೆಬಿಡದೆ ಸುಮಾರು ಮೂರು ಕಿಲೋವ್ಯಾಟ್ ಎಳೆಯುತ್ತದೆ. ಹಳೆಯ ತಂತಿ, ಸಡಿಲ ಸಾಕೆಟ್ಟು ಇದನ್ನು ತಾಳಲಾರವು. ಕಾರು ಬರುವ ಮೊದಲೇ ಬಲ್ಲ ವಯರ್‌ಮನ್ನನಿಂದ ಪ್ರತ್ಯೇಕ ತಂತಿ ಎಳೆಸಿ, ಅರ್ಥಿಂಗ್ ಸರಿಮಾಡಿಸಿ, ಹೆಸ್ಕಾಂ ಕಚೇರಿಯಲ್ಲಿ ಮನೆಯ ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳುವುದು ಕ್ಷೇಮ.

ಇನ್ನು ದಾರಿಯ ಮಾತು. ಇದೇ ಮುಖ್ಯವಾದದ್ದು. ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿಲೋಮೀಟರು. ಹೋಗಿ ಬರಲು 160. ನಮ್ಮ 25 ಯುನಿಟ್ಟಿನ ಬ್ಯಾಟರಿಯ ಪೂರ್ಣ ಓಟವೂ ಹೆಚ್ಚುಕಡಿಮೆ ಅಷ್ಟೇ. ಇದೇ ಬಗೆಯ ಹೊಸ ಕಾರಿಗೆ ಪರೀಕ್ಷಾ ಸಂಸ್ಥೆ 300ಕ್ಕಿಂತ ಹೆಚ್ಚು ಕಿಲೋಮೀಟರೆಂದು ಬರೆದಿತ್ತೆಂಬುದನ್ನು ನೆನೆದರೆ, ಜಾಹೀರಾತಿನ ಅಂಕಿಗೂ ನಮ್ಮ ದಾರಿಯ ಅಂಕಿಗೂ ಇರುವ ಅಂತರ ತಿಳಿಯುತ್ತದೆ. ನನ್ನ ತಾಯಿಯವರು ಹೃದಯದ ರೋಗಿ. ದೊಡ್ಡ ವೈದ್ಯರಿರುವುದು ವಿಜಯಪುರದಲ್ಲಿ. ಕಾಯಿಲೆ ಮುಹೂರ್ತ ನೋಡಿ ಬರುವುದಿಲ್ಲ. ಆದ್ದರಿಂದ ಕಾರು ಬಂದ ದಿನವೇ ಮನೆಯಲ್ಲಿ ಒಂದು ನೇಮ ಮಾಡಿಕೊಂಡೆವು. ದೀಪ ಆರಿಸಿ ಮಲಗುವ ಹೊತ್ತಿಗೆ ಬ್ಯಾಟರಿ ನೂರಕ್ಕೆ 70ಕ್ಕಿಂತ ಕೆಳಗಿರಕೂಡದು. ಕರೆಂಟು ಹೋಗಬಹುದಾದ ಊರಿನಲ್ಲಿ "ರಾತ್ರಿ ತುಂಬಿಕೊಳ್ಳುತ್ತದೆ ಬಿಡು" ಎಂಬ ಭರವಸೆ ಸಲ್ಲದು. ಕಳೆದ ಚೈತ್ರದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ತಾಯಿಯವರಿಗೆ ಎದೆನೋವು ಬಂದಿತು. ಬ್ಯಾಟರಿ 75ರಲ್ಲಿತ್ತು. ಆಸ್ಪತ್ರೆಯ ಬಾಗಿಲಿಗೆ ಮುಟ್ಟಿದಾಗ 24 ಉಳಿದಿತ್ತು. ತಾಯಿಯವರು ಗುಣವಾಗಿ ಮನೆಗೆ ಬಂದರು. ಬರುವಾಗ ಕಾರಿಗೆ ವಿಜಯಪುರದಲ್ಲಿಯೇ ಚಾರ್ಜು ತುಂಬಿಸಿಕೊಂಡೆವು. ಆ ನೇಮವಿಲ್ಲದಿದ್ದರೆ ಆ ರಾತ್ರಿ ಬೇರೆಯವರ ಬಾಗಿಲು ತಟ್ಟಬೇಕಾಗುತ್ತಿತ್ತು.

ಕೊನೆಯದಾಗಿ ಧರ್ಮದ ಒಂದು ಮಾತು. ಈ ಕಾರು ಹೊಗೆ ಉಗುಳುವುದಿಲ್ಲವೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ವಿದ್ಯುತ್ತು ಆಕಾಶದಿಂದ ಉದುರುವುದಿಲ್ಲ. ನಮ್ಮ ನೆರೆಯ ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳು ಕಲ್ಲಿದ್ದಲು ಸುಡುತ್ತವೆ. 2014ರಲ್ಲಿ ಆ ಸ್ಥಾವರದ ವಿರುದ್ಧ ಸುತ್ತಲಿನ ರೈತರು ಬೀದಿಗಿಳಿದದ್ದನ್ನು ಜಿಲ್ಲೆ ಮರೆತಿಲ್ಲ. ಆಲಮಟ್ಟಿಯ 290 ಮೆಗಾವ್ಯಾಟಿನ ಜಲವಿದ್ಯುತ್ತು ಹೊಗೆಯಿಲ್ಲದ್ದು. ಆದರೆ 1964ರಲ್ಲಿ ಅಡಿಗಲ್ಲು ಬಿದ್ದ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಎಷ್ಟೋ ಊರುಗಳ ಒಲೆಗಳು ಮುಳುಗಿವೆ. ನಮ್ಮ ಓಣಿಯ ಹೊಗೆ ಮಾಯವಾದರೆ ಅದರ ಒಂದು ಪಾಲು ಬೇರೊಬ್ಬರ ಹೊಲದ ಮೇಲೆ ಹೋಗಿ ನಿಂತಿರುತ್ತದೆ. ನೀರು, ಗಾಳಿ, ಬಿಸಿಲುಗಳ ವಿದ್ಯುತ್ತು ಹೆಚ್ಚಿದಷ್ಟೂ ಆ ಪಾಲು ಕಡಿಮೆಯಾಗುತ್ತದೆ. 2024ರಲ್ಲಿ ಕೇಂದ್ರ ಸರಕಾರ ಮನೆಯ ಮಾಳಿಗೆಯ ಮೇಲಿನ ಸೌರ ಫಲಕಗಳಿಗೆ 78,000 ರೂಪಾಯಿಯವರೆಗೆ ಸಹಾಯಧನ ಪ್ರಕಟಿಸಿತು. ಮಣ್ಣಿನ ಮಾಳಿಗೆಯೋ ಆರ್‌ಸಿಸಿಯೋ, ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ಮಾಳಿಗೆ ತಾಳುವಂತಿದ್ದರೆ ಅದನ್ನೂ ಯೋಚಿಸಬಹುದು. ಅಲ್ಲಿಯವರೆಗೆ, ಅಗ್ಗವಾಯಿತೆಂದು ಸುಮ್ಮನೆ ತಿರುಗದೆ, ಬೇಕಾದಷ್ಟೇ ಓಡಾಡುವುದು ಆ ಹೊಲದವರಿಗೆ ನಾವು ಸಲ್ಲಿಸುವ ಕನಿಷ್ಠ ಮರ್ಯಾದೆ.

ಹಾಗಾದರೆ ಯಾರು ಕೊಳ್ಳಬಹುದು? ಮನೆಯಲ್ಲಿ ನಿಲ್ಲಿಸಲು ಸ್ವಂತ ಜಾಗ, ಗಟ್ಟಿ ತಂತಿ ಉಳ್ಳವರು. ದಿನದ ಓಡಾಟ ಆಲಮಟ್ಟಿ, ತಾಳಿಕೋಟಿಗಳ ಅಳತೆಯಲ್ಲಿರುವವರು. ಚಾರ್ಜಿನ ನೇಮ ಪಾಲಿಸುವ ತಾಳ್ಮೆಯುಳ್ಳವರು ಧಾರಾಳವಾಗಿ ಕೊಳ್ಳಬಹುದು. ವಾರಕ್ಕೊಮ್ಮೆ ಬೆಂಗಳೂರು, ಪುಣೆಗಳಿಗೆ ಓಡುವವರು, ಬೀದಿಯಲ್ಲಿ ಕಾರು ನಿಲ್ಲಿಸುವವರು ಇನ್ನೂ ಸ್ವಲ್ಪ ಕಾಯುವುದು ಲೇಸು. ಬಂಡಿಯ ಬಣ್ಣವನ್ನು ವ್ಯಾಪಾರಿ ತೋರಿಸಿಯೇ ತೋರಿಸುತ್ತಾನೆ. ಬ್ಯಾಟರಿಯನ್ನು ಅಳೆಯುವುದೂ ನಮ್ಮ ದಾರಿಯನ್ನು ಅಳೆದುಕೊಳ್ಳುವುದೂ ಮಾತ್ರ ಕೊಳ್ಳುವವನ ಕೆಲಸ. ಈ ಎರಡು ಅಳತೆಗಳು ಹೊಂದಿದಲ್ಲಿ, ವಾಹನವು ತನ್ನ ಹೆಸರಿಗೆ ತಕ್ಕಂತೆ ನಮ್ಮನ್ನು ಹೊರುತ್ತದೆ.