ಪಟ್ಟಿಯಲ್ಲಿಲ್ಲದ ಅಣೆಕಟ್ಟೆಗಳು

(ಮುಂಬಯಿಯಲ್ಲಿ ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಯುದ್ಧಕಾಲದಲ್ಲಿ ನಾಗರಿಕರ ರಕ್ಷಣೆ ಎಂಬ ವಿಷಯವನ್ನು ನನಗೆ ವಹಿಸಿದ್ದೀರಿ. ಕಡಲಿನಂಥ ಈ ವಿಷಯದಲ್ಲಿ ಒಂದು ಕಡತದಷ್ಟನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ನೌಕರಿಯ ಅಭ್ಯಾಸ, ಏನು ಮಾಡಲಿ! ಇಲ್ಲಿ ಆಡುವ ಅಭಿಪ್ರಾಯಗಳು ನನ್ನವೇ ಹೊರತು ಇಲಾಖೆಯವಲ್ಲ ಎಂಬುದನ್ನೂ ಮೊದಲೇ ನಿವೇದಿಸಿಕೊಳ್ಳುತ್ತೇನೆ.

1988ರ ಡಿಸೆಂಬರ್ 31ರಂದು, ರಾಜೀವ್ ಗಾಂಧಿಯವರು ಇಸ್ಲಾಮಾಬಾದಿಗೆ ಹೋಗಿದ್ದಾಗ, ಭಾರತ ಮತ್ತು ಪಾಕಿಸ್ತಾನಗಳು ಒಂದು ಒಪ್ಪಂದಕ್ಕೆ ಬಂದವು. ಒಬ್ಬರ ಅಣುಸ್ಥಾವರವನ್ನು ನಾಶಪಡಿಸುವ ಉದ್ದೇಶದ ಯಾವ ಕೃತ್ಯದಲ್ಲಿಯೂ ಇನ್ನೊಬ್ಬರು ಪ್ರತ್ಯಕ್ಷವಾಗಿಯಾಗಲಿ ಪರೋಕ್ಷವಾಗಿಯಾಗಲಿ ತೊಡಗಬಾರದು. ಪ್ರತಿ ಜನವರಿ 1ರಂದು ಅಂಥ ಸ್ಥಾವರಗಳ ಅಕ್ಷಾಂಶ ರೇಖಾಂಶಗಳನ್ನು ಪರಸ್ಪರ ತಿಳಿಸಬೇಕು. ಒಪ್ಪಂದದ ಸಾರ ಇಷ್ಟೇ. ಅದು ಜಾರಿಗೆ ಬಂದದ್ದು 1991ರ ಜನವರಿ 27ರಂದು, ಮೊದಲ ಪಟ್ಟಿ ವಿನಿಮಯವಾದದ್ದು 1992ರಲ್ಲಿ. ಸಂಸತ್ತಿನ ಮೇಲೆ ದಾಳಿಯಾಗಿ ಗಡಿಯಲ್ಲಿ ಸೇನೆಗಳು ಎದುರುಬದುರಾಗಿ ನಿಂತಿದ್ದ 2002ರ ಹೊಸವರ್ಷದ ದಿನವೂ ಪಟ್ಟಿ ತಪ್ಪಲಿಲ್ಲ. 2025ರ ಜನವರಿಯಲ್ಲಿ ನಡೆದದ್ದು ಮೂವತ್ತನಾಲ್ಕನೆಯ ವಿನಿಮಯ. ಶೃಂಗಸಭೆಗಳು ಮುರಿದುಬಿದ್ದವು, ಬಸ್ಸು ರೈಲುಗಳು ನಿಂತುಹೋದವು. ಗುಮಾಸ್ತಿಕೆಯ ಈ ಸಣ್ಣ ಕೆಲಸ ಮಾತ್ರ ನಡೆದುಬಂದಿತು. ಸದ್ದಿಲ್ಲದೆ ನಡೆಯುವುದರಿಂದಲೇ ಅದು ಉಳಿದಿದೆ ಎಂದು ನನಗೆ ತೋರುತ್ತದೆ.

ಪಟ್ಟಿಗಳು ಗುಪ್ತವಾದವು. ಆದರೆ ಒಪ್ಪಂದದ ವ್ಯಾಖ್ಯೆಯಂತೆ ನಮ್ಮ ನೆರೆಯ ಟ್ರಾಂಬೆಯಾಗಲಿ, ಉತ್ತರ ಕನ್ನಡದ ಕೈಗಾ ಆಗಲಿ ಅದರ ರಕ್ಷಣೆಯೊಳಗೆ ಬರಲೇಬೇಕು. ಇಲ್ಲಿಯೇ ನನ್ನ ಸಂದೇಹ. ಕಾಳೀ ನದಿಯ ಕಣಿವೆಯನ್ನು ಬಲ್ಲವರು ಸಭೆಯಲ್ಲಿದ್ದಾರೆ. ಸುಮಾರು 147 ಟಿ.ಎಂ.ಸಿ. ನೀರನ್ನು ಹಿಡಿದಿಡುವ ಸೂಪಾ ಮೇಲೆ, ಕೊಡಸಳ್ಳಿ ಅದರ ಕೆಳಗೆ, ಕೈಗಾದ ಕೆಳಗೆ ಕದ್ರಾ. ಕೈಗಾದ ನಾಲ್ಕು ಘಟಕಗಳನ್ನು ತಂಪಾಗಿಡುವ ನೀರು ಬರುವುದು ಆ ಕದ್ರಾ ಜಲಾಶಯದಿಂದಲೇ. ಒಪ್ಪಂದದಲ್ಲಿ ಸ್ಥಾವರಕ್ಕೆ ರಕ್ಷಣೆಯುಂಟು. ಅದಕ್ಕೆ ನೀರುಣಿಸುವ ಅಣೆಕಟ್ಟೆಗೆ ಇಲ್ಲ, ಅಣೆಕಟ್ಟೆಯ ಕೆಳಗಿನ ಮಲ್ಲಾಪುರದ ಜನಕ್ಕೂ ಇಲ್ಲ. ವಿದ್ಯುತ್ತನ್ನು ನಿಲ್ಲಿಸುವುದಕ್ಕಾಗಿ ಕದ್ರಾವನ್ನು ಒಡೆದೆವು, ಕೈಗಾ ನಮ್ಮ ಉದ್ದೇಶವಾಗಿರಲಿಲ್ಲ ಎಂದು ವಾದಿಸಲು ಒಬ್ಬ ಜಾಣ ವಕೀಲನಿಗೆ ಎಷ್ಟು ಹೊತ್ತು ಬೇಕು?

ಇದು ಬರಿಯ ಊಹೆಯಲ್ಲ. ಉಕ್ರೇನಿನ ಝಪೊರಿಝಿಯಾ ಅಣುವಿದ್ಯುತ್ ಕೇಂದ್ರವು 2022ರ ಮಾರ್ಚಿನಲ್ಲಿ ರಷ್ಯದ ಸೇನೆಯ ವಶವಾಯಿತು. 2023ರ ಜೂನ್ 6ರಂದು ಡ್ನೀಪರ್ ನದಿಯ ಕಖೋವ್ಕಾ ಅಣೆಕಟ್ಟೆ ಒಡೆದು ಕೆಳಗಿನ ಊರುಗಳು ಮುಳುಗಿದವು, ಕೇಂದ್ರಕ್ಕೆ ನೀರು ಕೊಡುತ್ತಿದ್ದ ಜಲಾಶಯವೇ ಬತ್ತಿತು. ರಿಯಾಕ್ಟರುಗಳನ್ನು ಅದಕ್ಕೆ ಮುಂಚೆಯೇ ನಿಲ್ಲಿಸಿದ್ದರಿಂದಲೂ, ಬೇರೊಂದು ಕೊಳವಿದ್ದುದರಿಂದಲೂ, ಆಮೇಲೆ ಬಾವಿಗಳನ್ನು ಕೊರೆದುದರಿಂದಲೂ ಅನಾಹುತ ತಪ್ಪಿತು.

ಜಿನೀವಾ ಒಡಂಬಡಿಕೆಗಳ 1977ರ ಮೊದಲನೆಯ ಪ್ರೋಟೋಕಾಲಿನ 56ನೆಯ ವಿಧಿ ಅಣುವಿದ್ಯುತ್ ಕೇಂದ್ರದ ಜೊತೆಗೇ ಅಣೆಕಟ್ಟೆ, ಒಡ್ಡುಗಳನ್ನೂ ಹೆಸರಿಸುತ್ತದೆ. 1943ರಲ್ಲಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಮೋನೆ ಅಣೆಕಟ್ಟೆಯನ್ನು ಒಡೆದಾಗ ಸಾವಿರಕ್ಕೂ ಮೇಲ್ಪಟ್ಟು ಜನ ಸತ್ತರು. ಅವರಲ್ಲಿ ಎಷ್ಟೋ ಮಂದಿ ಬಲವಂತದ ದುಡಿಮೆಗೆ ಎಳೆತಂದ ಪರದೇಶೀಯರು. ಆದರೆ ಆ ವಿಧಿಯಲ್ಲಿ ಅಪವಾದಗಳುಂಟು. ಅಲ್ಲದೆ ಭಾರತ ಆ ಪ್ರೋಟೋಕಾಲನ್ನು ಸೇರಿಲ್ಲ; ಪಾಕಿಸ್ತಾನ ರುಜು ಹಾಕಿತು, ಅನುಮೋದಿಸಲಿಲ್ಲ. ಹೀಗಾಗಿ ನಮ್ಮಿಬ್ಬರ ನಡುವೆ ಉಳಿದಿರುವುದು ಆ 1988ರ ಕಾಗದವೇ. 2025ರ ಮೇ ತಿಂಗಳ ಸಂಘರ್ಷದಲ್ಲಿ ನೀಲಂ-ಝೇಲಂ ಯೋಜನೆಯ ನೌಸೇರಿ ಅಣೆಕಟ್ಟೆಗೆ ಭಾರತ ಹಾನಿ ಮಾಡಿತೆಂದು ಪಾಕಿಸ್ತಾನ ಆರೋಪಿಸಿತು. ಇದು ಶುದ್ಧ ಕಟ್ಟುಕಥೆಯೆಂದು ನಮ್ಮ ವಿದೇಶಾಂಗ ಕಾರ್ಯದರ್ಶಿಗಳು ಅಲ್ಲಗಳೆದರು. ಅಣೆಕಟ್ಟೆಗಳ ಪಟ್ಟಿಯೊಂದು ಇದ್ದಿದ್ದರೆ ಅದು ನಮ್ಮ ನಿರಾಕರಣೆಗೂ ಬಲವಾಗುತ್ತಿತ್ತು.

ಆದುದರಿಂದ ನನ್ನ ಸೂಚನೆ ಚಿಕ್ಕದು: ಆ ಪಟ್ಟಿಗೆ ಇನ್ನೊಂದು ಅಂಕಣ ಸೇರಲಿ. ದೊಡ್ಡ ಅಣೆಕಟ್ಟೆಗಳು, ನಗರಗಳ ನೀರು ಶುದ್ಧೀಕರಣದ ಕೇಂದ್ರಗಳು, ಆಸ್ಪತ್ರೆಗಳು. ಮುಂಬಯಿಗರಾದ ನಾವು ಕುಡಿಯುವ ಭಾತ್ಸಾ, ವೈತರಣಾ, ತಾನಸಾ ಜಲಾಶಯಗಳ ನೀರಿಗೆ ಈ ಒಪ್ಪಂದದಲ್ಲಿ ಒಂದು ಸಾಲೂ ಇಲ್ಲ. ಸ್ಥಳಗಳನ್ನು ಶತ್ರುವಿಗೆ ತಿಳಿಸಿದಂತಾಗುತ್ತದೆ ಎಂಬ ಆಕ್ಷೇಪವನ್ನು ನಾನು ಬಹಳ ಮನ್ನಿಸಲಾರೆ. ಉಪಗ್ರಹದ ಕಣ್ಣಿಗೆ ಕಾಣದ ಅಣೆಕಟ್ಟೆ ಯಾವುದಿದೆ? ನಂಬಿಕೆಯೇ ಇಲ್ಲದವರ ನಡುವೆ ಪಟ್ಟಿಯಿಂದ ಏನು ಪ್ರಯೋಜನ ಎಂಬ ಇನ್ನೊಂದು ಆಕ್ಷೇಪ ತೂಕದ್ದು. 2025ರ ಏಪ್ರಿಲಿನಲ್ಲಿ ಸಿಂಧೂ ಜಲ ಒಪ್ಪಂದವನ್ನೇ ನಾವು ಅಮಾನತಿನಲ್ಲಿಟ್ಟೆವಲ್ಲ! ಆದರೂ ಅದೇ ಆಗಸ್ಟಿನಲ್ಲಿ ತಾವಿ ನದಿ ಉಕ್ಕಿದಾಗ, ಮಾನವೀಯ ದೃಷ್ಟಿಯಿಂದ, ಇಸ್ಲಾಮಾಬಾದಿನ ನಮ್ಮ ಹೈಕಮಿಷನ್ ಮೂಲಕ ಪ್ರವಾಹದ ಮುನ್ನೆಚ್ಚರಿಕೆ ಪಾಕಿಸ್ತಾನಕ್ಕೆ ಹೋಯಿತು. ಅಣುಸ್ಥಾವರಗಳ ಪಟ್ಟಿಯೂ ರಾಜತಾಂತ್ರಿಕರ ಇದೇ ದಾರಿಯಲ್ಲಿ ಹೋಗುತ್ತದೆ.