ಬತ್ತುವ ಕೆರೆಯಲ್ಲಿ ಗಾಳ



ಗಾಳ ಹಾಕಿ ಮೀನು ಹಿಡಿಯುವುದನ್ನು ಒಂದು ವಿನೋದವೆಂದು ಎಣಿಸಿದವರು ಇಂಗ್ಲಿಷರೇ ಎಂಬ ನಂಬಿಕೆ ನಮ್ಮ ವಿದ್ಯಾವಂತರಲ್ಲುಂಟು. ಐಸಾಕ್ ವಾಲ್ಟನ್ನನು 1653ರಲ್ಲಿ ಪ್ರಕಟಿಸಿದ ಗ್ರಂಥವನ್ನು ಕಾಲೇಜಿನಲ್ಲಿ ಓದಿದವರಿಗೆ ಹಸುರು ದಂಡೆಯೂ ತಿಳಿಯಾದ ಹೊಳೆಯೂ ಇಲ್ಲದೆ ಗಾಳದ ಕೋಲು ನೆನಪಿಗೇ ಬಾರದು. ಆದರೆ ವಾಲ್ಟನ್ನನಿಗೆ ಐದು ನೂರು ವರ್ಷಗಳಿಗೂ ಹಿಂದೆ, ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಯಾವ ಮೀನು ಎಲ್ಲಿ ವಾಸಿಸುತ್ತದೆ, ಯಾವುದಕ್ಕೆ ಯಾವ ಆಹಾರ ಪ್ರಿಯ, ಗಾಳ ಹಾಕುವ ಮೊದಲು ನೀರಿಗೆ ಮೇವು ಎರಚಿ ಅವನ್ನು ಹೇಗೆ ಪಳಗಿಸಬೇಕು ಎಂಬುದನ್ನೆಲ್ಲ ಆ ಅರಸನು ರಾಜಕಾರ್ಯದಷ್ಟೇ ಶ್ರದ್ಧೆಯಿಂದ ಹೇಳಿದ್ದಾನೆ. ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಬಯಲುಸೀಮೆಯ ಅರಸನಿಗೆ ಮೀನಿನ ವಿದ್ಯೆ ಇಷ್ಟು ತಿಳಿದಿತ್ತೆಂಬುದು ನನಗೆ ಸಂತೋಷದ ಸಂಗತಿ. ಏಕೆಂದರೆ ಈ ಹೊತ್ತು ನಾನು ಹೇಳಬೇಕೆಂದಿರುವುದೂ ಬಯಲುಸೀಮೆಯ ಮೀನನ್ನು ಕುರಿತೇ.

ಮೀನು ತಿನ್ನದವನಿಗೆ ಈ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಹುಲಿಯನ್ನು ಕುರಿತು ಮಾತನಾಡುವವರು ಹುಲಿಯನ್ನು ತಿನ್ನುವುದಿಲ್ಲವಷ್ಟೆ.

ಶಿರಾದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯಲ್ಲಿ ತಾವರೆಕೆರೆ ಎಂಬ ಊರಿದೆ. ಹೆಸರೇನೋ ಕಾವ್ಯಮಯವಾದದ್ದು, ಸೀಮೆ ಮಾತ್ರ ಕಡಲೆಕಾಯಿಯ, ಜಾಲಿಯ, ಕಲ್ಲುಗುಡ್ಡಗಳ ಸೀಮೆ. ವರ್ಷದ ಮಳೆ ಸರಾಸರಿಯಲ್ಲಿ 25 ಅಂಗುಲವನ್ನು ಮುಟ್ಟುವುದೂ ಕಷ್ಟ. ಅದರಲ್ಲಿಯೂ ಹೆಚ್ಚಿನ ಪಾಲು ದಸರೆಯ ಆಚೀಚಿನ ಕೆಲವು ವಾರಗಳಲ್ಲಿಯೇ ಸುರಿದುಹೋಗುತ್ತದೆ. ಅಂಥದೊಂದು ದಸರೆಯ ರಜೆಯಲ್ಲಿ ಅಲ್ಲಿಗೆ ಸಮೀಪದ ನಮ್ಮ ಭಾವನವರ ತೋಟದ ಮನೆಯಲ್ಲಿ ಹತ್ತು ದಿನ ತಂಗಿದ್ದೆ. ತೋಟದ ಮಗ್ಗುಲಲ್ಲಿ ಅವರದೇ ಒಂದು ಕಟ್ಟೆ. ಅದರಾಚೆ ಊರಿನ ಕೆರೆ. ಕಟ್ಟೆಯ ದಡದಲ್ಲಿ ಒಬ್ಬ ವೃದ್ಧನು ಬಿದಿರಿನ ಕೋಲು, ದಾರಕ್ಕೊಂದು ಬೆಂಡಿನ ಚೂರು, ತೆಂಗಿನ ಚಿಪ್ಪಿನ ತುಂಬ ಎರೆಹುಳು ಇಟ್ಟುಕೊಂಡು ಬೆಳಗಿನಿಂದ ಬಿಸಿಲೇರುವ ತನಕ ಕೂತಿರುತ್ತಿದ್ದನು. ಹಿಂದೆ ಊರ ಕೆರೆಯ ನೀರುಗಂಟಿಯಾಗಿದ್ದವನು. ಹಿಂದಿನ ಎರಡು ವರ್ಷ ಆ ಕಟ್ಟೆ ಒಣಗಿ ಬಿರುಕುಬಿಟ್ಟಿತ್ತೆಂದು ಭಾವನವರು ಹೇಳಿದ್ದರು. ಈಗ ನೀರು ಬಂದು ಎರಡು ತಿಂಗಳೂ ಆಗಿರಲಿಲ್ಲ. ಆದರೂ ಬೆಂಡು ಮುಳುಗುತ್ತಿತ್ತು!

“ಅಜ್ಜ, ಒಣಗಿದ ಕಟ್ಟೆಯಲ್ಲಿ ಮೀನು ಎಲ್ಲಿಂದ ಬಂತು?” ಎಂದೆ.

“ಮುಗಿಲಿಂದ ಬಿದ್ದವೆ ಅಂತಾರೆ ಮೇಷ್ಟ್ರೆ,” ಎಂದು ನಕ್ಕು, “ನಾನು ಕಂಡಂಗೆ ಕೋಡಿಯಿಂದ ಬಂದವೆ,” ಎಂದನು.

ಈ ಒಂದು ಮಾತಿನಲ್ಲಿ ನಮ್ಮ ಕೆರೆಗಳ ಶಾಸ್ತ್ರವೆಲ್ಲ ಅಡಗಿದೆ. ಈ ಸೀಮೆಯಲ್ಲಿ ಕೆರೆಯೆಂಬುದು ಒಂಟಿಯಾಗಿ ಇರುವುದಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳವಾಗಿ ಹರಿದು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ, ಕೊನೆಗೆ ವೇದಾವತಿಗೆ. ಆ ಹಳ್ಳಗಳೇ ಮೀನಿನ ರಾಜಮಾರ್ಗ. ಮೇಲಿನ ಕೆರೆಯ ಮರಿಗಳು ನೀರಿನೊಡನೆ ಇಳಿದುಬರುತ್ತವೆ; ಪಕ್ಕೆ, ಗೆಂಡೆಗಳಂಥ ಸಣ್ಣ ಜಾತಿಗಳು ಹೊಸ ನೀರಿನ ವಾಸನೆ ಹಿಡಿದು ಕೆಳಗಿನ ಮಡುಗಳಿಂದ ಎದುರು ಹತ್ತುತ್ತವೆ. ಮಲೆನಾಡಿನವರು ಇಂಥವನ್ನು ಹತ್ತುಮೀನೆಂದೇ ಕರೆಯುತ್ತಾರೆ. ಹತ್ತು ಕೆರೆಗಳಲ್ಲಿ ಒಂಬತ್ತು ಬತ್ತಿದರೂ ಒಂದರ ತೂಬಿನ ಗುಂಡಿಯಲ್ಲಿ ನೀರು ನಿಂತಿದ್ದರೆ ಸಾಕು, ಒಳ್ಳೆಯ ಮಳೆಯಾದ ವರ್ಷ ಸರಪಳಿಯೆಲ್ಲ ಮತ್ತೆ ಜೀವ ತಳೆಯುತ್ತದೆ.

ಇನ್ನು ಕೊರವ ಮೀನು, ನಮ್ಮ ಪಾವಗಡದ ತೆಲುಗರ ಕೊರಮೀನು, ಇದರ ಬಾಳು ಇನ್ನೂ ವಿಚಿತ್ರ. ಕಿವಿರಿನ ಜೊತೆಗೆ ಗಾಳಿಯನ್ನು ಉಸಿರಾಡುವ ಅವಯವವೂ ಇದಕ್ಕುಂಟು. ನೀರು ಇಂಗಿದಾಗ ಕೆಸರಿನೊಳಗೆ ಹೂತುಕೊಂಡು, ಮೈ ತೇವವಾಗಿರುವ ತನಕ ಬದುಕಿರುತ್ತದೆ. ಮೊಟ್ಟೆಯೊಡೆದ ಮೇಲೆ ಮರಿಗಳು ಕೆಂಪಗೆ ಗುಂಪಾಗಿ ನೀರಿನ ಮೇಲ್ಭಾಗದಲ್ಲಿ ಸುತ್ತುತ್ತವೆ. ಹೆತ್ತವರು ಅವುಗಳ ಕೆಳಗೆ ಕಾವಲಿರುತ್ತವೆ. ಆಗ ಎದುರಿಗೆ ಏನು ಬಂದರೂ ಕಚ್ಚುವ ಕೋಪ. ಗಾಳದವನಿಗೆ ಇದಕ್ಕಿಂತ ಸುಲಭದ ಬೇಟೆಯಿಲ್ಲ. ಆದರೆ ಕಾವಲಿನ ಮೀನನ್ನು ಎತ್ತಿದರೆ ಮರಿಗಳ ಗುಂಪನ್ನು ಬೇರೆ ಮೀನುಗಳು ನುಂಗಿಬಿಡುತ್ತವೆ. ನಮ್ಮ ವೃದ್ಧನು ಕೆಂಪು ಗುಂಪನ್ನು ಕಂಡೊಡನೆ ಕೋಲನ್ನೆತ್ತಿಕೊಂಡು ದಡದ ಇನ್ನೊಂದು ಮೂಲೆಗೆ ಹೋಗುವುದನ್ನು ಎರಡು ಬಾರಿ ನೋಡಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ಈ ದೇಶದ ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತೇ 1887ರಲ್ಲಿ ಒಂದು ಪುಸ್ತಕ ಬರೆದನು. ಕೆರೆಯೂ ವಿನೋದಕ್ಕೆ ತಕ್ಕ ನೀರೆಂದು ಆತನು ತಿಳಿದಿದ್ದನು. ಪುಸ್ತಕವಿಲ್ಲದೆಯೇ ಅದನ್ನು ತಿಳಿದವರು ಕೆರೆಯ ಏರಿಗಳ ಮೇಲೆ ಎಂದಿನಿಂದಲೂ ಇದ್ದಾರೆ.

ಆ ಹತ್ತು ದಿನಗಳಲ್ಲಿ ಗಾಳಕ್ಕೆ ಹೆಚ್ಚಾಗಿ ಬಂದದ್ದು ಕೊರವವಲ್ಲ, ಪಕ್ಕೆಯೂ ಅಲ್ಲ, ಜಿಲೇಬಿ ಮೀನು. ಆಫ್ರಿಕದ ಈ ತಿಲಾಪಿಯ ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಮರಿಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುವ ಪ್ರಾಣಿ. ನಿಂತ ನೀರಿನಲ್ಲಿಯೇ, ಕೆಲವೇ ತಿಂಗಳ ವಯಸ್ಸಿನಿಂದ, ಮತ್ತೆ ಮತ್ತೆ ಸಂತಾನ ಪಡೆಯುತ್ತದೆ. ಇದಕ್ಕೆ ವಿರುದ್ಧ ಸ್ವಭಾವದವು ಕಾಟ್ಲಾ, ರೋಹುಗಳು. ಇವು ಉತ್ತರದ ಮಹಾನದಿಗಳವು. ಪ್ರವಾಹ ಬಾರದೆ ಮೊಟ್ಟೆಯಿಡವು. ಹೀರಾಲಾಲ್ ಚೌಧುರಿಯವರು 1957ರಲ್ಲಿ ಚುಚ್ಚುಮದ್ದಿನಿಂದ ಇಂಥ ಗೆಂಡೆ ಜಾತಿಗಳಿಗೆ ಮೊಟ್ಟೆಯಿಡಿಸಿದ ಮೇಲೆ ಮರಿಗಳು ಧಾರಾಳವಾಗಿ ದೊರೆತು ನಮ್ಮ ಕೆರೆಗಳನ್ನೂ ಸೇರಿದವು. ಬೇಗ ಬೆಳೆಯುತ್ತವೆ, ಸಂತೆಯಲ್ಲಿ ಬೆಲೆಯುಂಟು. ಆದರೆ ಕೆರೆಯಲ್ಲಿ ಅವುಗಳ ವಂಶ ನಿಲ್ಲದು. ಬಾಡಿಗೆದಾರರಂತೆ ಬಂದು ಹೋಗುತ್ತವೆ. ಮುಂದಿನ ಮಳೆಗೆ ಮತ್ತೆ ಹಣ ಕೊಟ್ಟು ತರಬೇಕು.

ಹಣ ಕೊಟ್ಟು ತಂದ ಮೀನಿಗೆ ಒಡೆಯನೂ ಇರಬೇಕಷ್ಟೆ. ಊರ ಕೆರೆಯ ಮೀನನ್ನು ಇಲಾಖೆಯೋ ಪಂಚಾಯಿತಿಯೋ ಗುತ್ತಿಗೆಗೆ ಕೊಡುವುದು ಇಂದಿನ ವಾಡಿಕೆ. ಗುತ್ತಿಗೆದಾರನು ಕಾವಲಿಡುತ್ತಾನೆ. ಅವನ ಮೇಲೆ ತಪ್ಪು ಹೊರಿಸಲಾರೆ. ಸಾಲ ಮಾಡಿ ಮರಿ ಬಿಟ್ಟವನು ಅವನು. ಆದರೆ ನೀರು ಎಲ್ಲರದು, ಮೀನು ಒಬ್ಬನದು ಎಂಬ ಏರ್ಪಾಟಿನಲ್ಲಿ ಒಂದು ಗಾಳ, ಒಂದು ಹೊತ್ತಿನ ಸಾರು ಎಂದಿದ್ದ ಬಡವನಿಗೆ ಏರಿಯ ಮೇಲೆ ಜಾಗವಿಲ್ಲದಾಯಿತು. ಸಾಗರದ ಕಡೆ ಬೇಸಗೆಯಲ್ಲಿ ಊರವರೆಲ್ಲ ಕೂಣಿ ಹಿಡಿದು ಒಟ್ಟಿಗೆ ಕೆರೆಗಿಳಿಯುವ ಕೆರೆಬೇಟೆ ಇನ್ನೂ ಉಂಟು. ನಮ್ಮ ವೃದ್ಧನು ಊರಿನ ಕೆರೆಯನ್ನು ಬಿಟ್ಟು ಭಾವನವರ ಕಟ್ಟೆಗೆ ಬರುತ್ತಿದ್ದುದು ಇದೇ ಕಾರಣದಿಂದ. ಒಡೆಯರಿದ್ದ ಕಟ್ಟೆಯಲ್ಲಿ ಅವನಿಗೆ ಅಡ್ಡಿಯಿಲ್ಲ. ಸಾರ್ವಜನಿಕವಾದ ಕೆರೆಯಲ್ಲಿ ಅಡ್ಡಿ!

ಗುತ್ತಿಗೆಗಿಂತಲೂ ನನಗೆ ಚಿಂತೆಯಾದದ್ದು ಹಳ್ಳಗಳ ಸ್ಥಿತಿ. ಕೆರೆಯಿಂದ ಕೆರೆಗೆ ಹೋಗುವ ದಾರಿಯಲ್ಲಿ ಉಳುಮೆ, ಜಾಲಿಯ ಮೆಳೆ, ರಸ್ತೆಯ ಮಣ್ಣು. ಕೋಡಿ ಬಿದ್ದು ನೀರು ಹರಿಯುವುದೇ ಅಪರೂಪವಾದರೆ ಪಕ್ಕೆ ಹತ್ತುವುದೆಲ್ಲಿಗೆ? ಮೀನಿನ ದಾರಿಯನ್ನು ಮುಚ್ಚಿ, ಮೀನಿನ ಮರಿಯನ್ನು ಲಾರಿಯಲ್ಲಿ ತರುತ್ತಿದ್ದೇವೆ.

ಈ ನಡುವೆ ಹೇಮಾವತಿಯ ನಾಲೆಯ ನೀರು ಕಳ್ಳಂಬೆಳ್ಳದ ಕೆರೆಗೂ ಶಿರಾದ ಕೆರೆಗೂ ಬಂದಿದೆ. ಹೇಮಾವತಿ ಕಾವೇರಿಯ ಉಪನದಿ. ಶಿರಾದ ಹಳ್ಳಗಳೋ ವೇದಾವತಿಯ ಮೂಲಕ ತುಂಗಭದ್ರೆಗೆ, ಕೃಷ್ಣೆಗೆ ಸೇರತಕ್ಕವು. ಕಾವೇರಿಯ ನೀರು ಕೃಷ್ಣೆಯ ಕಡೆಗೆ ಹೊರಟಮೇಲೆ ಅದರೊಡನೆ ಕಾವೇರಿಯ ಮೀನೂ ಬರದೆ ಇದ್ದೀತೆ? ಬಂದಿದ್ದರೆ ಅದರ ಸುದ್ದಿ ಮೊದಲು ತಿಳಿಯುವುದು, ಕಾವಲುಗಾರನ ಕಣ್ಣು ತಪ್ಪಿಸಿ ಏರಿಯ ಕಲ್ಲಿನ ಮರೆಯಲ್ಲಿ ಗಾಳ ಹಿಡಿದು ಕೂತ ಯಾವನಾದರೊಬ್ಬ ಹುಡುಗನಿಗೆ.